ಅಂಗಳಕ್ಕೆ ಚಿರತೆ, ತೋಟಕ್ಕೆ ಆನೆ, ಬಚ್ಚಲಿಗೆ ಹಾವು: ಊರಿನ ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಮಳೆ, ಬೆಳೆ, ಮದುವೆ ಸುದ್ದಿಯ ಜತೆಗೆ ಈಗ ಇನ್ನೊಂದು ವಿಷಯವೂ ಸೇರಿಕೊಂಡಿದೆ. ‘ನಿನ್ನೆ ರಾತ್ರಿ ನಾಯಿಯನ್ನು ಚಿರತೆ ಹೊತ್ತೊಯ್ಯಿತು’, ‘ಬಾಳೆ ತೋಟಕ್ಕೆ ಆನೆ ನುಗ್ಗಿತ್ತು’, ‘ಸೌದೆ ಕೊಟ್ಟಿಗೆಯಲ್ಲಿ ದೊಡ್ಡ ಹಾವು ಮಲಗಿತ್ತು’. ಮಕ್ಕಳು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ ಉಳಿದಿರುವುದು ವಯಸ್ಸಾದ ತಂದೆ ತಾಯಿ ಮಾತ್ರ. ಗದ್ದೆ ಪಾಳು ಬಿದ್ದಿದೆ, ಅಂಗಳದ ಅಂಚಿನವರೆಗೂ ಪೊದೆ ಬೆಳೆದಿದೆ. ಅತ್ತ ಮೈಸೂರು, ಮಂಡ್ಯ, ತುಮಕೂರು ಕಡೆ ಮನೆಯ ಬೆನ್ನಿಗೇ ಕಬ್ಬಿನ ಗದ್ದೆ ಅಥವಾ ಕುರುಚಲು ಗುಡ್ಡ.

ದೂರದಲ್ಲಿರುವ ಮಕ್ಕಳಿಗೆ ಇಂಥ ಸುದ್ದಿ ಕೇಳಿದ ಕೂಡಲೇ ಭಯವಾಗುವುದು ಸಹಜ. ಆದರೆ ಮನೆ ಹತ್ತಿರ ಬಂದ ಕಾಡುಪ್ರಾಣಿಗಳಲ್ಲಿ ಬಹುಪಾಲು ಯಾರಿಗೂ ತೊಂದರೆ ಮಾಡದೆ ಬೆಳಗಾಗುವ ಮೊದಲೇ ಹೋಗಿಬಿಡುತ್ತವೆ. ಅವು ಮನುಷ್ಯನನ್ನು ಹುಡುಕಿಕೊಂಡು ಬಂದವಲ್ಲ. ನಾಯಿಗೋ, ಹಲಸಿನ ಹಣ್ಣಿಗೋ, ಇಲಿಗೋ, ಭತ್ತಕ್ಕೋ ಬಂದವು. ಸಾವು ನೋವು ಆಗುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಪ್ರಾಣಿ ಇರುವುದು ಗೊತ್ತಿಲ್ಲದೆ ಅದರ ಎದುರಿಗೇ ನಡೆದುಹೋದಾಗ ಮತ್ತು ಜನ ಸುತ್ತುವರಿದು ಅದರ ದಾರಿ ಕಟ್ಟಿದಾಗ.

ಕಾಡಿನಿಂದ ನಾಡಿಗೆ ಬಂದದ್ದೇ?

‘ನಾಡಿಗೆ ಬಂದ ಚಿರತೆ’ ಎಂಬುದು ಸುದ್ದಿ ಶೀರ್ಷಿಕೆಗಳಲ್ಲಿ ಸವೆದುಹೋದ ಮಾತು. ಅದು ಅರ್ಧ ಸತ್ಯ ಮಾತ್ರ. ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ (ಈಗಿನ ಅಹಿಲ್ಯಾನಗರ) ಅಕೋಲೆಯಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಕಾಡೇ ಇಲ್ಲ. ಇರುವುದು ಕಬ್ಬು, ತರಕಾರಿ ಹೊಲಗಳು ಮತ್ತು ಪ್ರತಿ ಚದರ ಕಿ.ಮೀ.ಗೆ 300ಕ್ಕೂ ಹೆಚ್ಚು ಜನ. ಆದರೂ 100 ಚದರ ಕಿ.ಮೀ.ಗೆ ಸುಮಾರು 5 ವಯಸ್ಕ ಚಿರತೆಗಳು ಅಲ್ಲಿದ್ದವು. ಮರಿ ಹಾಕುತ್ತಿದ್ದವು, ರಾತ್ರಿ ಮನೆಗಳ ನಡುವೆಯೇ ಓಡಾಡುತ್ತಿದ್ದವು. ದಾರಿ ತಪ್ಪಿ ಬಂದವಲ್ಲ, ಅಲ್ಲಿಯೇ ಹುಟ್ಟಿ ಬೆಳೆದವು.

ಅವು ತಿನ್ನುತ್ತಿದ್ದುದೇನು ಎಂಬುದನ್ನೂ ಇದೇ ತಂಡ ಪರೀಕ್ಷಿಸಿತು. ಆಹಾರದ ತೂಕದಲ್ಲಿ ಶೇ 87ರಷ್ಟು ಸಾಕುಪ್ರಾಣಿಗಳು. ಅದರಲ್ಲೂ ನಾಯಿಯ ಪಾಲೇ ಶೇ 39. ಆ ಭಾಗದಲ್ಲಿ ನಾಯಿಗಳಿಗಿಂತ ಆಡುಗಳು ಎಷ್ಟೋ ಪಟ್ಟು ಹೆಚ್ಚಿದ್ದರೂ ಆಡಿನ ಪಾಲು ಶೇ 11 ಮಾತ್ರ. ಆಡನ್ನು ರಾತ್ರಿ ಕೊಟ್ಟಿಗೆಯಲ್ಲಿ ಕೂಡುತ್ತಾರೆ, ನಾಯಿ ಹೊರಗಿರುತ್ತದೆ. ವ್ಯತ್ಯಾಸ ಅಷ್ಟೇ. ಮನೆಗೆ ಕಾವಲಿರಲಿ ಎಂದು ಜಗುಲಿಯ ಕಂಬಕ್ಕೆ ನಾಯಿ ಕಟ್ಟುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಚಿರತೆ ಓಡಾಡುವ ಊರಿನಲ್ಲಿ ಕಟ್ಟಿಹಾಕಿದ ನಾಯಿ ಕಾವಲಾಗದೆ ಅದನ್ನೇ ಮನೆ ಬಾಗಿಲಿಗೆ ಕರೆತರುತ್ತದೆ.

ದೇಶದಲ್ಲಿ 13,874 ಚಿರತೆಗಳಿವೆ ಎನ್ನುವುದು 2022ರ ಅಂದಾಜು. ಮಧ್ಯಪ್ರದೇಶದಲ್ಲಿ 3,907, ಮಹಾರಾಷ್ಟ್ರದಲ್ಲಿ 1,985, ಕರ್ನಾಟಕದಲ್ಲಿ 1,879. ಇದು ಮುಖ್ಯವಾಗಿ ಹುಲಿಗಳಿರುವ ಕಾಡುಗಳ ಗಣತಿಯ ಜತೆಗೇ ನಡೆದ ಎಣಿಕೆಯಾದ್ದರಿಂದ ಕಬ್ಬಿನ ಗದ್ದೆ, ಕಲ್ಲುಗುಡ್ಡಗಳ ಚಿರತೆಗಳು ಪೂರ್ತಿಯಾಗಿ ಇದರೊಳಗೆ ಬರುವುದಿಲ್ಲ.

ಹಿಡಿದು ದೂರ ಬಿಟ್ಟರೆ ಮುಗಿಯಿತೇ?

ಚಿರತೆ ಕಂಡ ಕೂಡಲೇ ಊರಿನವರ ಮೊದಲ ಬೇಡಿಕೆ ಬೋನು ಇಡಿ ಎಂಬುದು. ಮನುಷ್ಯರ ಮೇಲೆ ದಾಳಿ ಮಾಡಿದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೀ ಕಣ್ಣಿಗೆ ಬಿದ್ದ ಚಿರತೆಯನ್ನೆಲ್ಲ ಹಿಡಿದು ಬೇರೆ ಕಾಡಿಗೆ ಸಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುಣೆ ಜಿಲ್ಲೆಯ ಜುನ್ನರ್ ದೊಡ್ಡ ಪಾಠ. ಅಲ್ಲಿ 2001ರ ನಂತರ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಸ್ಥಳಾಂತರಿಸಲಾಯಿತು. ಅದಕ್ಕೂ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ದಾಳಿಗಳು ಸ್ಥಳಾಂತರ ಶುರುವಾದ ಮೇಲೆ 17ಕ್ಕೆ ಏರಿದವು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪರಿಚಯವಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ತನ್ನ ಹಳೆಯ ನೆಲೆಯ ಕಡೆ ನಡೆಯತೊಡಗುತ್ತದೆ. ದಾರಿಯಲ್ಲಿ ಗೊತ್ತಿಲ್ಲದ ಊರುಗಳು ಎದುರಾಗುತ್ತವೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಅದು ಹೆಚ್ಚಾಗಿ ಅನುಭವವಿಲ್ಲದ ಎಳೆಯ ಪ್ರಾಣಿ.

ಮುಂಬೈ ಕನ್ನಡಿಗರಲ್ಲಿ ಹಿರಿಯರಿಗೆ 2004ರ ದಿನಗಳು ನೆನಪಿರಬಹುದು. ಸುಮಾರು 104 ಚದರ ಕಿ.ಮೀ. ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ ಚಿರತೆ ದಾಳಿಗಳು ಹಠಾತ್ತನೆ ಹೆಚ್ಚಿದ್ದವು. ಬೇರೆಡೆ ಹಿಡಿದ ಚಿರತೆಗಳನ್ನು ಈ ಕಾಡಿಗೆ ತಂದು ಬಿಟ್ಟದ್ದೂ ಅದಕ್ಕೆ ಒಂದು ಕಾರಣ ಎಂದು ತಜ್ಞರು ಗುರುತಿಸಿದರು. ಮುಂದೆ ಕಸ ವಿಲೇವಾರಿ, ಬೀದಿ ದೀಪ, ಶೌಚಾಲಯ, ಜನರಿಗೆ ತಿಳಿವಳಿಕೆ ಇವುಗಳತ್ತ ಗಮನ ಹೊರಳಿತು. ಚಿರತೆಗಳು ಇಂದಿಗೂ ಅಲ್ಲೇ ಇವೆ. ಬೊರಿವಲಿ, ಠಾಣೆಯ ವಸತಿ ಸಂಕೀರ್ಣಗಳ ಸಿಸಿಟಿವಿಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ.

ಆನೆಗಳ ವಿಷಯದಲ್ಲೂ ಕಥೆ ಬೇರೆಯಲ್ಲ. ಹಾಸನ ಜಿಲ್ಲೆಯ ಆಲೂರು ಭಾಗದಿಂದ 2014ರ ಸುಮಾರಿಗೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಆಲೂರು, ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಮತ್ತೆ ಆನೆಗಳ ಹಿಂಡು ಬೀಡುಬಿಟ್ಟವು.

ಚಿರತೆ ಎದುರಾದರೆ

ಮುಸ್ಸಂಜೆ, ರಾತ್ರಿ ಮತ್ತು ಬೆಳಗಿನ ಜಾವ ಚಿರತೆ ಚುರುಕಾಗಿರುವ ಹೊತ್ತು. ನೇರವಾಗಿ ನಿಂತ ದೊಡ್ಡ ಮನುಷ್ಯ ಅದಕ್ಕೆ ಬೇಟೆಯಂತೆ ಕಾಣುವುದಿಲ್ಲ. ಬಗ್ಗಿದವರು, ಕುಕ್ಕರುಗಾಲಿನಲ್ಲಿ ಕೂತವರು, ಮಕ್ಕಳು ಹಾಗೆ ಕಾಣಬಹುದು. ಬಯಲು ಶೌಚಕ್ಕೆ ಹೋದವರು, ಹುಲ್ಲು ಕೊಯ್ಯಲು ಬಗ್ಗಿದವರು, ಸಂಜೆ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ದಾಳಿಗೆ ತುತ್ತಾಗುವುದರ ಹಿಂದಿನ ಕಾರಣ ಇದೇ. ಮನೆಗೆ ಹೊಂದಿಕೊಂಡ ಶೌಚಾಲಯ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಇವೆರಡೇ ಅಪಾಯವನ್ನು ಬಹಳಷ್ಟು ತಗ್ಗಿಸುತ್ತವೆ. ಊರಿಗೆ ಹಣ ಕಳಿಸುವ ಮಕ್ಕಳು ಸಿಸಿಟಿವಿಗಿಂತ ಮೊದಲು ಇದಕ್ಕೆ ಖರ್ಚು ಮಾಡಿದರೆ ಒಳ್ಳೆಯದು.

ಚಿರತೆ ಎದುರಿಗೇ ಕಂಡರೆ ಓಡಬಾರದು, ಕೂರಬಾರದು, ಬೆನ್ನು ತೋರಿಸಬಾರದು. ಜತೆಯಲ್ಲಿ ಮಗುವಿದ್ದರೆ ಎತ್ತಿಕೊಳ್ಳಬೇಕು. ಕೈ ಮೇಲೆತ್ತಿ, ಗಟ್ಟಿಯಾಗಿ ಮಾತಾಡುತ್ತ, ಅದರ ಕಡೆ ಗಮನವಿಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಕಲ್ಲು ಎಸೆಯುವುದು, ಅಟ್ಟಿಸಿಕೊಂಡು ಹೋಗುವುದು ಬೇಡ. ರಾತ್ರಿ ನಡೆದು ಹೋಗಲೇಬೇಕಾದರೆ ಟಾರ್ಚ್ ಇರಲಿ, ಒಬ್ಬರೇ ಇದ್ದರೆ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ನಡೆಯಲಿ. ಮನುಷ್ಯ ಬರುತ್ತಿದ್ದಾನೆ ಎಂದು ಮೊದಲೇ ಗೊತ್ತಾದರೆ ಚಿರತೆ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಸೆಕೆಗಾಲದಲ್ಲಿ ಜಗುಲಿಯ ಮೇಲೆ, ಬಾಗಿಲು ತೆರೆದು ಮಲಗುವ ಅಭ್ಯಾಸವನ್ನು ಚಿರತೆ ಓಡಾಡುವ ದಿನಗಳಲ್ಲಿ ಬಿಡಬೇಕು.

ದನ, ಆಡು, ಕೋಳಿಗಳ ಗೂಡಿಗೆ ಬಾಗಿಲಷ್ಟೇ ಸಾಲದು, ಮೇಲ್ಗಡೆಯೂ ಜಾಲರಿ ಬೇಕು. ಸತ್ತ ದನವನ್ನು, ಕೋಳಿ ಅಂಗಡಿಯ ತ್ಯಾಜ್ಯವನ್ನು ಊರ ಹೊರಗೆ ಎಸೆಯುವುದು ನಾಯಿಗಳನ್ನು ಸಾಕಿದಂತೆ. ನಾಯಿಗಳ ಹಿಂದೆಯೇ ಚಿರತೆ ಬರುತ್ತದೆ.

ಕಬ್ಬು ಕಟಾವಿನ ತಿಂಗಳುಗಳಲ್ಲಿ ಇನ್ನೊಂದು ಸನ್ನಿವೇಶ ಎದುರಾಗುತ್ತದೆ. ಗದ್ದೆಯ ನಡುವೆ ಚಿರತೆಯ ಪುಟ್ಟ ಮರಿಗಳು ಸಿಗುತ್ತವೆ. ಮುದ್ದಾಗಿರುತ್ತವೆ, ಜನ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ತಾಯಿ ಹತ್ತಿರದಲ್ಲೇ ಎಲ್ಲೋ ಇರುತ್ತದೆ. ಮರಿಗಳನ್ನು ಮುಟ್ಟದೆ ಅಲ್ಲೇ ಬಿಟ್ಟು, ಕೆಲಸ ನಿಲ್ಲಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಜುನ್ನರ್ ಭಾಗದಲ್ಲಿ ಮರಿಗಳನ್ನು ಸಿಕ್ಕ ಜಾಗದಲ್ಲೇ ಡಬ್ಬಿಯಲ್ಲಿಟ್ಟು, ರಾತ್ರಿ ತಾಯಿ ಬಂದು ಒಯ್ಯುವಂತೆ ಮಾಡುವ ಕೆಲಸ ವರ್ಷಗಳಿಂದ ನಡೆದಿದೆ. ಮರಿ ಕಳೆದುಕೊಂಡ ತಾಯಿ ಆ ಗದ್ದೆಯ ಸುತ್ತಲೇ ಅಲೆಯುತ್ತದೆ ಮತ್ತು ಎಲ್ಲ ಚಿರತೆಗಳಿಗಿಂತ ಹೆಚ್ಚು ಅಪಾಯಕಾರಿಯಾಗಿರುತ್ತದೆ.

ಜನ ಸೇರಿದಾಗಲೇ ಅನಾಹುತ

ಚಿರತೆ ಕೊಟ್ಟಿಗೆಯೊಳಗೋ ಖಾಲಿ ಮನೆಯೊಳಗೋ ಸೇರಿಕೊಂಡಿತು ಎನ್ನಿ. ಸಾಧ್ಯವಾದರೆ ಹೊರಗಿನಿಂದ ಬಾಗಿಲು ಹಾಕಿ ದೂರ ಹೋಗುವುದು ಸರಿಯಾದ ಕೆಲಸ. ಆಗುವುದು ಬೇರೆಯೇ. ಅರ್ಧ ಗಂಟೆಯಲ್ಲಿ ಸುತ್ತಮುತ್ತಲ ಊರಿನವರು ಸೇರುತ್ತಾರೆ, ಮಾಡಿನ ಮೇಲೆ ಹತ್ತುತ್ತಾರೆ, ಕಿಟಕಿಯಿಂದ ಮೊಬೈಲ್ ತೂರಿಸುತ್ತಾರೆ. ಬೆದರಿದ ಪ್ರಾಣಿ ಹೊರಗೆ ಹಾರಿದಾಗ ಎದುರಿಗೆ ಸಿಕ್ಕವರಿಗೆಲ್ಲ ಗಾಯ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಕಾರ್ಯಾಚರಣೆಯಲ್ಲಿ ನೆರವಾಗುತ್ತಿದ್ದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರೇ ತೀವ್ರವಾಗಿ ಗಾಯಗೊಂಡಿದ್ದರು. ಆ ವಿಡಿಯೊ ದೇಶವೆಲ್ಲ ನೋಡಿತು. ಬಲ್ಲವರಿಗೇ ಹೀಗಾಗುವಾಗ ನೋಡಲು ಬಂದವರ ಪಾಡೇನು?

ಅರಿವಳಿಕೆ ಮದ್ದು ಹೊಡೆದ ತಕ್ಷಣ ಪ್ರಾಣಿ ಬೀಳುತ್ತದೆ ಎಂಬುದು ಸಿನಿಮಾ ಕಲ್ಪನೆ. ಮದ್ದು ನಾಟಿದ ಮೇಲೂ ಹಲವು ನಿಮಿಷ ಅದು ಓಡಬಲ್ಲದು, ದಾಳಿ ಮಾಡಬಲ್ಲದು. ಗದ್ದಲ ಹೆಚ್ಚಿದಷ್ಟೂ ಮದ್ದು ಏರುವುದು ತಡವಾಗುತ್ತದೆ.

ತೆರೆದ ಬಾವಿಗೆ ಬಿದ್ದ ಚಿರತೆಗೆ ಹಳ್ಳಿಗಳಲ್ಲಿ ಸರಳ ಉಪಾಯವೊಂದಿದೆ. ಹಗ್ಗ ಕಟ್ಟಿದ ಮಂಚವನ್ನು ಇಳಿಬಿಟ್ಟರೆ ಅದು ಹತ್ತಿ ಕೂತು ದಣಿವಾರಿಸಿಕೊಳ್ಳುತ್ತದೆ. ಅರಣ್ಯ ಸಿಬ್ಬಂದಿ ಬಂದು ಬೋನನ್ನೋ ಮರದ ಏಣಿಯನ್ನೋ ಇಳಿಸುತ್ತಾರೆ. ಏಣಿ ಇಟ್ಟರೆ ಜನರೆಲ್ಲ ಅಲ್ಲಿಂದ ಹೋಗಬೇಕು. ಕತ್ತಲಾದ ಮೇಲೆ ಅದು ಹತ್ತಿ ತನ್ನ ಪಾಡಿಗೆ ಹೋಗುತ್ತದೆ. ಜನ ಹೋಗದಿದ್ದರೆ ಮಾತ್ರ ಈ ಉಪಾಯ ಕೆಲಸ ಮಾಡುವುದಿಲ್ಲ.

ಇದರ ಜತೆಗೆ ವಾಟ್ಸ್‌ಆ್ಯಪ್ ಕಾಟ. ಎಲ್ಲಿಯದೋ ಹಳೆಯ ವಿಡಿಯೊ ‘ನಮ್ಮೂರಿನ ಕೆರೆ ಏರಿ ಮೇಲೆ ಈಗಷ್ಟೇ’ ಎಂದು ಹರಿದಾಡುತ್ತದೆ. ಅರಣ್ಯ ಸಿಬ್ಬಂದಿ ಒಂದು ದಿನ ಅದರ ಹಿಂದೆ ಓಡಿದರೆ, ನಿಜವಾಗಿ ಚಿರತೆ ಇರುವ ಕಡೆ ಬೋನು ತಲುಪುವುದು ತಡವಾಗುತ್ತದೆ. ಊರಿನ ಗ್ರೂಪಿಗೆ ಮುಂಬೈಯಿಂದ, ದೆಹಲಿಯಿಂದ ಇಂಥದ್ದನ್ನು ಕಳಿಸುವ ಮೊದಲು ಒಂದು ಫೋನ್ ಮಾಡಿ ಕೇಳುವುದು ಕಷ್ಟವೇನಲ್ಲ.

ಆನೆ: ಇರುವುದು ಗೊತ್ತಿದ್ದರೆ ಅರ್ಧ ಅಪಾಯ ಕಡಿಮೆ

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳು. ದೇಶದಲ್ಲಿ ಇಷ್ಟು ಆನೆಗಳು ಇನ್ಯಾವ ರಾಜ್ಯದಲ್ಲೂ ಇಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು, ಚಾಮರಾಜನಗರ, ರಾಮನಗರ (ಈಗಿನ ಬೆಂಗಳೂರು ದಕ್ಷಿಣ) ಜಿಲ್ಲೆಗಳ ಕಾಡಂಚಿನ ಮನೆಗಳಿಗೆ ಆನೆಯೇ ದೊಡ್ಡ ಭಯ. ಆ ಭಯಕ್ಕೆ ಕಾರಣವೂ ಇದೆ. ಚಿರತೆಯಿಂದ ಸಾಯುವವರಿಗಿಂತ ಆನೆಯಿಂದ ಸಾಯುವವರು ಹೆಚ್ಚು.

ಇಷ್ಟು ದೊಡ್ಡ ಪ್ರಾಣಿ ಕಣ್ಣಿಗೆ ಬೀಳದಿರಲು ಸಾಧ್ಯವೇ ಎಂದು ಕಾಡು ಕಾಣದವರಿಗೆ ಅನ್ನಿಸಬಹುದು. ಕಾಫಿ ತೋಟದ ನೆರಳಿನಲ್ಲಿ, ಮಂಜು ಮುಸುಕಿದ ಬೆಳಗಿನಲ್ಲಿ ಆನೆ ಹತ್ತು ಮಾರು ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. ತೋಟದ ಕೆಲಸಕ್ಕೆ ಹೋಗುವ ಕಾರ್ಮಿಕರು, ಹಾಲು ಹಾಕಲು ಡೇರಿಗೆ ಹೋಗುವವರು, ರಾತ್ರಿ ಕುಡಿದು ಮನೆಗೆ ಮರಳುವವರು ಹೀಗೆಯೇ ಸಿಕ್ಕಿಬೀಳುತ್ತಾರೆ.

ತಮಿಳುನಾಡಿನ ವಾಲ್ಪಾರೈಯಲ್ಲಿ ಈ ಒಂದೇ ಅಂಶದ ಮೇಲೆ ಕೆಲಸ ನಡೆಯಿತು. ಸುಮಾರು 220 ಚದರ ಕಿ.ಮೀ. ಚಹಾ, ಕಾಫಿ ತೋಟಗಳ ಆ ಪ್ರಸ್ಥಭೂಮಿಯಲ್ಲಿ ಆನೆ ಎಲ್ಲಿದೆ ಎಂಬ ಮಾಹಿತಿಯನ್ನು ಎಸ್‌ಎಂಎಸ್ ಮೂಲಕ, ಸ್ಥಳೀಯ ಟಿವಿಯ ಕೆಳಸಾಲಿನ ಮೂಲಕ, ಮೊಬೈಲ್‌ನಿಂದ ಹೊತ್ತಿಸುವ ಕೆಂಪು ದೀಪಗಳ ಮೂಲಕ ಜನರಿಗೆ ತಲುಪಿಸಲಾಯಿತು. ದೀಪ ಮಿನುಗುತ್ತಿದ್ದರೆ ಒಂದು ಕಿ.ಮೀ. ಆಸುಪಾಸಿನಲ್ಲಿ ಆನೆ ಇದೆ ಎಂದರ್ಥ. ಬಸ್ಸಿಳಿದವರು ಅದನ್ನು ನೋಡಿ ದಾರಿ ಬದಲಿಸುತ್ತಾರೆ. ಬೇಲಿ ಹಾಕದೆ, ಆನೆ ಹಿಡಿಯದೆ ಸಾವುಗಳು ಕಡಿಮೆಯಾದವು. ಹಾಸನ ಭಾಗದಲ್ಲೂ ಆನೆ ಇರುವ ಜಾಗವನ್ನು ಮೊಬೈಲ್ ಸಂದೇಶ, ರಸ್ತೆ ಬದಿಯ ಫಲಕಗಳಲ್ಲಿ ತಿಳಿಸುವ ವ್ಯವಸ್ಥೆ ಬಂದಿದೆ. ಊರಿನಲ್ಲಿ ಇಂಥ ಸಂದೇಶ ಪಟ್ಟಿ ಅಥವಾ ಅರಣ್ಯ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪು ಇದ್ದರೆ ಅಪ್ಪ ಅಮ್ಮನ ನಂಬರ್ ಅದರಲ್ಲಿ ಇದೆಯೇ ಎಂದು ಇವತ್ತೇ ಕೇಳಬಹುದು. ದೂರದಲ್ಲಿರುವ ಮಕ್ಕಳೂ ಅದೇ ಗುಂಪಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಆನೆಗೆ ದೃಷ್ಟಿಗಿಂತ ವಾಸನೆ, ಕಿವಿ ಚುರುಕು. ಮನೆಯೊಳಗಿನ ಅಕ್ಕಿ, ರಾಗಿ, ಬೆಲ್ಲ, ಉಪ್ಪು, ಕೊಳೆತ ಹಲಸು, ಕಳ್ಳಭಟ್ಟಿ ಎಲ್ಲದರ ವಾಸನೆಯೂ ಅದಕ್ಕೆ ತಿಳಿಯುತ್ತದೆ. ವಾಲ್ಪಾರೈಯಲ್ಲಿ ಪಡಿತರ ಅಂಗಡಿ, ಶಾಲೆಯ ಅಡುಗೆ ಕೋಣೆಗಳ ಗೋಡೆ ಒಡೆದದ್ದು ಅಕ್ಕಿಗಾಗಿಯೇ. ಭತ್ತದ ಮೂಟೆಯನ್ನು ಮಲಗುವ ಕೋಣೆಯ ಹೊರಗೋಡೆಗೆ ಒರಗಿಸಿ ಇಡಬಾರದು. ಹಲಸು, ಬಾಳೆ ಮಾಗುವ ಮೊದಲೇ ಮನೆ ಪಕ್ಕದ ಗೊನೆ, ಕಾಯಿಗಳನ್ನು ಇಳಿಸಿಬಿಡಬೇಕು.

ರಾತ್ರಿ ಆನೆ ಅಂಗಳಕ್ಕೆ ಬಂದದ್ದು ಗೊತ್ತಾದರೆ ಬಾಗಿಲು ತೆರೆದು ನೋಡಲು ಹೋಗಬಾರದು. ಆನೆ ಇರುವ ಬದಿಯಿಂದ ದೂರದ ಕೋಣೆಗೆ, ಮಹಡಿ ಇದ್ದರೆ ಮಹಡಿಗೆ ಹೋಗಿ ಸದ್ದಿಲ್ಲದೆ ಫೋನ್ ಮಾಡಬೇಕು. ಪಟಾಕಿ ಸಿಡಿಸಿ, ತಮಟೆ ಬಡಿದು ಒಬ್ಬೊಬ್ಬರೇ ಓಡಿಸಹೊರಟರೆ ಅದು ಯಾವ ದಿಕ್ಕಿಗೆ ನುಗ್ಗುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಅದು ಹೋಗುವ ದಿಕ್ಕಿನಲ್ಲೇ ಪಕ್ಕದ ಮನೆಯೂ ಇರುತ್ತದೆ. ಪಳಗಿದವರಿಗೂ ಇದು ಸುಲಭದ ಕೆಲಸವಲ್ಲ. ಮೈಸೂರು ದಸರಾದ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಪ್ರಾಣ ಬಿಟ್ಟಿತು.

ರಸ್ತೆಯಲ್ಲಿ ಬೈಕಿಗೆ ಆನೆ ಎದುರಾದರೆ ಹಾರ್ನ್ ಮಾಡುವುದು, ಪಕ್ಕದಿಂದ ನುಸುಳುವುದು ಬೇಡ. ದೂರದಲ್ಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿಕೊಂಡು ಹೋಗಬೇಕು. ಮರಿ ಜತೆಗಿದ್ದರಂತೂ ಕಾಯುವುದೊಂದೇ ದಾರಿ.

ಕರಡಿ, ಕಾಟಿ, ಹಂದಿ

ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರಿನ ಕಲ್ಲುಗುಡ್ಡಗಳಲ್ಲಿ ಕರಡಿಗಳಿವೆ. ಗುಡ್ಡದ ದೇವಸ್ಥಾನದ ದೀಪದೆಣ್ಣೆ, ತೆಂಗಿನಕಾಯಿ, ಪ್ರಸಾದದ ಬೆಲ್ಲ ಅವನ್ನು ಸೆಳೆಯುತ್ತವೆ. ಕರಡಿ ಇರುವೆ, ಗೆದ್ದಲು ಅಗೆಯುವುದರಲ್ಲಿ ಮುಳುಗಿದ್ದರೆ ಮನುಷ್ಯ ಬಂದದ್ದೇ ಅದಕ್ಕೆ ತಿಳಿಯುವುದಿಲ್ಲ. ಹತ್ತಿರ ಬಂದಾಗ ಬೆಚ್ಚಿ ಮೇಲೆ ಬೀಳುತ್ತದೆ, ಹೆಚ್ಚಾಗಿ ಮುಖ, ತಲೆಗೇ ಗಾಯ. ಆದ್ದರಿಂದ ಬೆಳಗಿನ ಜಾವ ಹೊಲಕ್ಕೆ ಹೋಗುವವರು ಇಬ್ಬಿಬ್ಬರಾಗಿ, ಮಾತಾಡಿಕೊಂಡು, ಕೋಲು ಬಡಿಯುತ್ತ ಹೋಗಬೇಕು. ಕರಡಿ ಇನ್ನೂ ನೋಡಿಲ್ಲವೆಂದಾದರೆ ಸದ್ದು ಮಾಡದೆ ಹಿಂದೆ ಸರಿಯಬೇಕು. ಮೇಲೆಯೇ ಬಿದ್ದರೆ ಬೋರಲಾಗಿ ಮಲಗಿ ಕುತ್ತಿಗೆ, ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳುವುದು ಉಳಿದಿರುವ ಉಪಾಯ.

ಕಾಟಿ ಸಾಮಾನ್ಯವಾಗಿ ತಾನಾಗಿ ದೂರ ಹೋಗುವ ಪ್ರಾಣಿ. ಗುಂಪಿನಿಂದ ಬೇರ್ಪಟ್ಟ ಗಂಡು ಮತ್ತು ಗಾಯಗೊಂಡ ಕಾಟಿ ಮಾತ್ರ ನಂಬಲಾಗದವು. ಹಂದಿಯೂ ಹಾಗೆಯೇ. ಆದರೆ ಹಂದಿಗೆಂದು ಇಡುವ ಉರುಳು, ಸಿಡಿಮದ್ದು ಮತ್ತು ಬೇಲಿಗೆ ಹರಿಸುವ ನೇರ ವಿದ್ಯುತ್ ಬೇರೆಯದೇ ಅಪಾಯ. ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಗೆ ಆನೆ ಬೀಳುತ್ತದೆ, ಸಿಡಿಮದ್ದು ಕಚ್ಚಿದ ದನ ದವಡೆ ಕಳೆದುಕೊಳ್ಳುತ್ತದೆ. ಮಳೆಗಾಲದ ಬೆಳಗ್ಗೆ ಅದೇ ತಂತಿಗೆ ಮನೆಯವರೇ ಬಲಿಯಾದ ಘಟನೆಗಳು ವರ್ಷವೂ ವರದಿಯಾಗುತ್ತವೆ. ಇವೆಲ್ಲವೂ ಅಪರಾಧ. ಕ್ಷಣಕಾಲ ಮಾತ್ರ ಹೊಡೆದು ಬಿಡುವ ಸೌರ ಬೇಲಿಗೂ ಮನೆಯ ಕರೆಂಟಿನ ತಂತಿಗೂ ಅಜಗಜಾಂತರ.

ನಿಜವಾಗಿ ಹೆಚ್ಚು ಜನ ಸಾಯುವುದು ಹಾವಿನಿಂದ

ಚಿರತೆಗೆ ಸಿಗುವ ಸುದ್ದಿಯ ಹತ್ತರಲ್ಲೊಂದು ಭಾಗವೂ ಹಾವಿಗೆ ಸಿಗುವುದಿಲ್ಲ. ಆದರೆ 2000ದಿಂದ 2019ರ ನಡುವೆ ದೇಶದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು.

ಮನೆ ಸುತ್ತ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆ ಹಾವು ಇಲಿ ತಿಂದು ಉಪಕಾರವನ್ನೇ ಮಾಡುತ್ತದೆ. ಪ್ರಾಣ ತೆಗೆಯುವುದರಲ್ಲಿ ಮುಂದಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ತಯಾರಾಗುವುದು ಈ ನಾಲ್ಕರ ವಿಷದಿಂದ. ಮಲೆನಾಡಿನ ತೋಟಗಳಲ್ಲಿ ಕಾಣುವ ಕುಳಿಮಂಡಲ ಜಾತಿಯ ಹಾವುಗಳ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ಯಾವ ಚಿಕಿತ್ಸೆ ಎಂಬುದನ್ನು ವೈದ್ಯರು ಲಕ್ಷಣ ನೋಡಿ ನಿರ್ಧರಿಸುತ್ತಾರೆ. ಹಾವನ್ನು ಹಿಡಿದು ತರುವ, ಕೊಂದು ತರುವ ಅಗತ್ಯವಿಲ್ಲ. ಅದರಿಂದ ಎರಡನೆಯವರಿಗೂ ಕಡಿತವಾಗುತ್ತದೆ.

ಕಟ್ಟುಹಾವಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದು ರಾತ್ರಿ ಸಂಚಾರಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಹತ್ತಿರ ಬಂದು, ಮಗ್ಗುಲು ಬದಲಿಸುವಾಗ ಕಚ್ಚುತ್ತದೆ. ಸೊಳ್ಳೆ ಕಚ್ಚಿದಷ್ಟೂ ನೋವಾಗದಿರಬಹುದು, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆ ನೋವು ಎಂದು ಏಳುತ್ತಾರೆ, ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ. ಅಜೀರ್ಣ ಎಂದು ಕಷಾಯ ಕುಡಿಸಿ ಕಳೆದ ಎರಡು ಗಂಟೆಯೇ ಜೀವ ತೆಗೆಯುತ್ತದೆ. ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುವುದು ಇದಕ್ಕೆ ಅಗ್ಗದ, ಖಚಿತವಾದ ರಕ್ಷಣೆ.

ಕಚ್ಚಿದ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ, ನಾಟಿ ಮದ್ದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಬೇಕು. ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲ್ಲಾಡದ ಹಾಗೆ ಪಟ್ಟಿ ಇಟ್ಟು, ನಡೆಸದೆ ವಾಹನದಲ್ಲಿ ಕರೆದೊಯ್ಯಬೇಕು. 108 ಬರುವುದು ತಡವಾದರೆ ಬೈಕಿನಲ್ಲಿ ನಡುವೆ ಕೂರಿಸಿಕೊಂಡಾದರೂ ಹೊರಡಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನು ಇದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಕೇಳಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ.

ಆಗುಂಬೆ, ಕೊಡಗು, ಪಶ್ಚಿಮ ಘಟ್ಟದ ತಪ್ಪಲಿನ ಮನೆಗಳಿಗೆ ಕಾಳಿಂಗ ಸರ್ಪ ಬರುವುದು ಹೆಚ್ಚಾಗಿ ಬೇರೆ ಹಾವುಗಳನ್ನು ಹಿಂಬಾಲಿಸಿಕೊಂಡು, ಏಕೆಂದರೆ ಅದರ ಮುಖ್ಯ ಆಹಾರವೇ ಹಾವು. ದಾರಿ ಬಿಟ್ಟರೆ ಬಹುಪಾಲು ತಾನಾಗಿ ಹೋಗುತ್ತದೆ. ಮನೆಯೊಳಗೇ ಸೇರಿಕೊಂಡರೆ ಅರಣ್ಯ ಇಲಾಖೆಗೆ ಅಥವಾ ಇಲಾಖೆಯ ಅನುಮತಿ ಇರುವ ಹಾವು ಹಿಡಿಯುವವರಿಗೆ ಹೇಳಬೇಕು. ಹೆಡೆಗೆ ಮುತ್ತಿಕ್ಕಿ ವಿಡಿಯೊ ಮಾಡುವವರು ಕರೆಯಬಾರದ ಜನ.

ಮನೆ ಹತ್ತಿರ ಮಂಗ ಸತ್ತು ಬಿದ್ದಿದ್ದರೆ

ಮಲೆನಾಡಿನವರಿಗೆ ಇದು ಹೊಸದಲ್ಲ, ಹೊರಗಿನಿಂದ ರಜೆಗೆ ಬಂದವರಿಗೆ ತಿಳಿದಿರಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆಗಳಿಂದ. ಬೇಸಿಗೆಯ ತಿಂಗಳುಗಳಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಆ ಜಾಗದ ಸುತ್ತ ದರಗು ಗುಡಿಸಲು, ಸೌದೆ ತರಲು ಹೋಗಬಾರದು.

ಕಾನೂನು ಮತ್ತು ಪರಿಹಾರ

ಆನೆ, ಹುಲಿ, ಚಿರತೆ, ಕರಡಿ, ಕಾಟಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಇವುಗಳನ್ನು ಕೊಂದರೆ 3ರಿಂದ 7 ವರ್ಷ ಜೈಲು. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಗಾಯಗೊಳಿಸಿದರೆ, ಕೊಂದರೆ ಅದು ಅಪರಾಧವಲ್ಲ ಎಂದು 11ನೇ ಸೆಕ್ಷನ್ ಹೇಳುತ್ತದೆ. ಬೆಳೆ ತಿಂದಿತು, ಕೋಳಿ ಹಿಡಿಯಿತು ಎಂಬುದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಪ್ರಾಣಹಾನಿ, ಗಾಯ, ಜಾನುವಾರು ಸಾವು, ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಕರ್ನಾಟಕದಲ್ಲಿ ಪ್ರಾಣಹಾನಿಗೆ 7.5 ಲಕ್ಷ ರೂಪಾಯಿ ಇದ್ದದ್ದು 2022ರ ಕೊನೆಯಲ್ಲಿ 15 ಲಕ್ಷಕ್ಕೆ ಏರಿತು. ಮೊತ್ತ ಆಗಾಗ ಪರಿಷ್ಕರಣೆಯಾಗುವುದರಿಂದ ಈಗಿನ ದರವನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಬೇಕು. ಹಣ ತಪ್ಪಿಹೋಗುವುದು ಹೆಚ್ಚಾಗಿ ದಾಖಲೆಯ ಕೊರತೆಯಿಂದ. ಚಿರತೆ ಕೊಂದ ಹಸುವನ್ನು ಹೂಳುವ ಮೊದಲು ಅರಣ್ಯ ಸಿಬ್ಬಂದಿಯ ಮಹಜರು, ಪಶುವೈದ್ಯರ ಪ್ರಮಾಣಪತ್ರ ಆಗಬೇಕು. ಕಳೇಬರ, ಹೆಜ್ಜೆ ಗುರುತು, ಮುರಿದ ಗಿಡಗಳ ಫೋಟೊ ತೆಗೆದಿಡಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಬೇಕಾಗುತ್ತವೆ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಕುಟುಂಬಗಳಿಗೆ ಬೆಳೆ ಪರಿಹಾರದಲ್ಲಿ ತೊಡಕಾಗುವುದು ಇಲ್ಲಿಯೇ. ಪೌತಿ ಖಾತೆ ಮಾಡಿಸಲು ನಗರದಲ್ಲಿರುವ ಅಣ್ಣತಮ್ಮಂದಿರ ಸಹಿ ಬೇಕಿದ್ದರೆ ಮುಂದಿನ ರಜೆಯಲ್ಲೇ ಆ ಕೆಲಸ ಮುಗಿಸಬಹುದು. ಹಾವು ಕಡಿತದಿಂದ ಸತ್ತ ರೈತರ ಕುಟುಂಬಕ್ಕೆ ಪರಿಹಾರ ಸಿಗುವುದು ಕೃಷಿ ಇಲಾಖೆಯ ಮೂಲಕ. ಅದಕ್ಕೆ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ ಬೇಕು. ದುಃಖದ ಹೊತ್ತಿನಲ್ಲಿ ಪರೀಕ್ಷೆ ಬೇಡವೆಂದು ದಹನ ಮಾಡಿಬಿಟ್ಟ ಕುಟುಂಬಗಳು ಆಮೇಲೆ ಏನೂ ಮಾಡಲಾಗದೆ ಉಳಿಯುತ್ತವೆ.

ಯಾರಿಗೆ ಫೋನ್ ಮಾಡಬೇಕು?

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ತುರ್ತು ಸಂದರ್ಭದಲ್ಲಿ 112. ಊರಿನಲ್ಲಿರುವವರು ಇವಕ್ಕೆ ನೇರವಾಗಿ ಕರೆ ಮಾಡಬಹುದು. ಹೊರ ರಾಜ್ಯದಲ್ಲಿರುವವರು ಮಾತ್ರ ಇವನ್ನೇ ನೆಚ್ಚಿಕೊಳ್ಳಬಾರದು. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿಯೂ 1926, ಮತ್ತು 112 ಕರೆ ಹೋಗುವುದು ನೀವಿರುವ ರಾಜ್ಯದ ನಿಯಂತ್ರಣ ಕೊಠಡಿಗೆ. ಮಧ್ಯರಾತ್ರಿ ಅಮ್ಮ ಫೋನ್ ಮಾಡಿ ಕೊಟ್ಟಿಗೆಯಲ್ಲಿ ಏನೋ ಸದ್ದು ಎಂದಾಗ ಠಾಣೆಯಲ್ಲಿ ಕೂತು ಈ ಸಂಖ್ಯೆ ಒತ್ತಿದರೆ ಪ್ರಯೋಜನವಿಲ್ಲ. ಊರಿನ ವಲಯ ಅರಣ್ಯಾಧಿಕಾರಿ ಕಚೇರಿಯ ಸಂಖ್ಯೆ, ಆ ಭಾಗದ ಗಸ್ತು ಅರಣ್ಯ ಪಾಲಕರ ಮೊಬೈಲ್, ಜೀಪು ಇರುವ ನೆರೆಮನೆಯವರ ಮೊಬೈಲ್ ಈ ಮೂರನ್ನು ಬರೆದುಕೊಂಡು ನಿಮ್ಮ ಫೋನಿನಲ್ಲೂ, ಊರಿನ ಮನೆಯ ಗೋಡೆಯ ಮೇಲೂ ದೊಡ್ಡ ಅಕ್ಷರದಲ್ಲಿ ಇಟ್ಟಿರಬೇಕು.